ಗರಿ ಹಿಡಿದು ಬಸ್ಸು ತಡೆದವರು

ಕಳೆದ ವರ್ಷ ಕ್ರೈಸ್ತರ ಗರಿಗಳ ಭಾನುವಾರ. ಬೆಳಗ್ಗೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಬ್ಬಿಯಿಂದ ಬಟವಾಡಿಯ ನಮ್ಮ ಮನೆಗೆ ಖಾಸಗಿ ಬಸ್ಸಿನಲ್ಲಿ ಹೊರಟಿದ್ದೆ.

ಗುಬ್ಬಿ ದಾಟಿದ ಮೇಲೆ ಒಂದು ತಿರುವಿಗೆ ಮುಂಚೆ, ಬಿಳಿ ಬಟ್ಟೆ ತೊಟ್ಟವರು ತೆಂಗಿನ ಗರಿ ಹಿಡಿದು ರಸ್ತೆಗೆ ಅಡ್ಡಲಾಗಿ ನಿಂತಿದ್ದರು. ಯೇಸು ಯೆರೂಸಲೇಮಿಗೆ ಬಂದ ನೆನಪಿಗೆ ಅವರು ಆ ದಿನ ಗರಿ ಹಿಡಿದು ಮೆರವಣಿಗೆ ಹೋಗುತ್ತಾರೆ. ಅದಕ್ಕೇ ರಸ್ತೆ ತಡೆದಿದ್ದಾರೆ ಎಂದು ನಾವೆಲ್ಲ ಗೊಣಗಿದೆವು.

“ರೋಡೇನು ನಿಮ್ ಹಬ್ಬಕ್ಕೆ ಬರ್ಕೊಟ್ಟವ್ರಾ? ಸೈಡಿಗ್ ಬನ್ರಮ್ಮ” ಎಂದ ಡ್ರೈವರ್, ಬಸ್ಸನ್ನು ಪಕ್ಕದ ಮಣ್ಣಿಗೆ ಇಳಿಸಿ ನುಗ್ಗಲು ನೋಡಿದ. ವಯಸ್ಸಾದ ಹೆಂಗಸೊಬ್ಬರು ಓಡಿಬಂದು ಚಕ್ರದ ಮುಂದೆಯೇ ನಿಂತುಬಿಟ್ಟರು. ಬ್ರೇಕ್ ಬಿದ್ದ ರಭಸಕ್ಕೆ ಮಗಳ ಹಣೆ ಮುಂದಿನ ಸೀಟಿಗೆ ತಾಗಿತು.

ತಿರುವಿನಾಚೆ ಗ್ಯಾಸ್ ಟ್ಯಾಂಕರ್ ಉರುಳಿದೆ, ಸೋರುತ್ತಿದೆ, ಕಿಡಿ ತಾಗಿದರೆ ಕಷ್ಟ ಎಂದು ಆಕೆ ಹೇಳಿದರೂ ಯಾರೂ ನಂಬಲಿಲ್ಲ. ಹಿಂದಿನ ಸೀಟಿನವನೊಬ್ಬ ಕಿಟಕಿಯಿಂದ ಕೆಣಕಿದ: “ಸ್ವರ್ಗದಲ್ಲಿ ಸೀಟ್ ಹಿಡ್ದಿರೋರು ನೀವು. ನಮ್ ರೋಡಿನ ಉಸಾಬರಿ ನಿಮಗ್ಯಾಕಮ್ಮ?”

“ಸೀಟು ಅಲ್ಲೇ ಐತೆ ಕಣಪ್ಪ. ಕರೆಯೋವರ್ಗೂ ನಾವೂ ಗುಬ್ಬಿಯೋರೇ. ಮೊದ್ಲು ಇಂಜಿನ್ ಆಫ್ ಮಾಡ್ಸು.”

ಅಷ್ಟರಲ್ಲಿ ಗಾಳಿ ತಿರುಗಿ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ಡ್ರೈವರ್ ಇಂಜಿನ್ ನಿಲ್ಲಿಸಿದ. ಎಲ್ಲರೂ ಇಳಿದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆವು. ನೀವೂ ಬನ್ನಿ ಎಂದು ಆ ತಾಯಿಯನ್ನು ಕರೆದೆ.

“ತೋಟದ ದಾರೀಲಿ ಬೈಕ್‌ಗಳು ಬರ್ತವೆ, ಅವನ್ನೂ ತಡೀಬೇಕು. ನೀನು ಮಗೂನ ಕರ್ಕೊಂಡು ಹೋಗವ್ವ” ಎಂದು ಅಲ್ಲೇ ನಿಂತರು.

ಅಗ್ನಿಶಾಮಕದವರು ಬಂದು ನೀರು ಹಾಯಿಸಿ, ಸೋರಿಕೆ ನಿಲ್ಲಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಆಕೆಯ ಹೆಸರು ಎಸ್ತರಮ್ಮ, ನಿವೃತ್ತ ನರ್ಸ್ ಎಂದು ಆಮೇಲೆ ತಿಳಿಯಿತು. ಟ್ಯಾಂಕರ್ ಉರುಳಿದ್ದನ್ನು ಕಂಡು ಅವರ ಚರ್ಚಿನ ಸಭಾಪಾಲಕರು ಮೆರವಣಿಗೆಯ ಹಾಡು ನಿಲ್ಲಿಸಿ, ಪೊಲೀಸರಿಗೆ ಫೋನ್ ಮಾಡಿ, ಜನರನ್ನು ರಸ್ತೆಯ ಎರಡೂ ಕಡೆ ಕಳಿಸಿದ್ದರಂತೆ. ಆರಾಧನೆ ಅರ್ಧಕ್ಕೆ ಬಿಡುವುದೇ ಎಂದು ಕೆಲವರು ಹಿಂಜರಿದಾಗ, ಇವತ್ತಿನ ಆರಾಧನೆ ಇದೇ ಎಂದರಂತೆ.

ಪರಲೋಕವನ್ನು ನಂಬಿದವರಿಗೆ ಈ ಲೋಕ ಹಗುರ ಎಂದುಕೊಂಡಿದ್ದೆ. ಈಗ ಆ ತಾಯಿ ನೆನಪಾದರೆ ಕೈಗಳು ತಾವಾಗಿ ಜೋಡಿಕೊಳ್ಳುತ್ತವೆ.

ನಾವು ಮತ್ತೆ ಬಸ್ಸು ಹತ್ತಿದಾಗ ಗರಿ ಹಿಡಿದವರು ಹಾಡುತ್ತಾ ಚರ್ಚಿನ ಕಡೆ ಹೊರಟಿದ್ದರು. ಡ್ರೈವರ್ ಹಾರ್ನ್ ಮಾಡದೆ ಅವರ ಹಿಂದೆಯೇ ನಿಧಾನವಾಗಿ ಬಸ್ಸು ಬಿಟ್ಟ. ಬೇಗ ಹೋಗು ಎಂದು ಬಸ್ಸಿನಲ್ಲಿ ಒಬ್ಬರೂ ಅನ್ನಲಿಲ್ಲ.