ನನ್ನ ಫೋನಿನೊಳಗಿನ ಕಾಲುಗಳು

ಶಾಲಿ ಎರಡನೇ ಇಯತ್ತೆನೂ ಮುಗಿಸದಾಕಿ ನಾನು. ಅಕ್ಷರ ಕೂಡಿಸಿ ಒಂದು ಹೆಸರು ಓದೂದರೊಳಗ ಹಾಲು ಉಕ್ಕಿ ಹೋಗತೈತಿ. ಅಂಕಿ ಮಾತ್ರ ಪಕ್ಕಾ, ಅದೂ ಅಳತಿ ಟೇಪಿನ ಪುಣ್ಯೇದಿಂದ. ಆದರ ನನ್ನ ಫೋನಿನೊಳಗ ಇನ್ನೂರು ಮಂದಿಯ ಕಾಲು ಅದಾವ. ಅಥಣಿ, ಕಾಗವಾಡ, ರಾಯಬಾಗ, ಬೋರಗಾಂವ, ಯಾವ ಊರಿನ ಕಾಲು ಬೇಕ್ರಿ? ಕೇಳ್ರಿ, ಚಹಾ ಕುದಿಯೂದರೊಳಗ ತಗದು ತೋರಸ್ತೀನಿ.

ನಮ್ಮದು ಚಪ್ಪಲಿ ಮಾಡೂ ಮನಿ. ಗಂಡಸರು ತೊಗಲು ಕೊಯ್ತಾರ, ನಾವು ಹೆಂಗಸರು ತೊಗಲಿನ ಎಳಿಯಿಂದ ಜಡಿ ಹೆಣೀತೀವಿ, ಹೊಲೀತೀವಿ. ಮೊದಲೆಲ್ಲ ಗಿರಾಕಿಗಳು ವ್ಯಾಪಾರಿಯ ಲೆಕ್ಕದ ವಹಿಯೊಳಗ ಇರತಿದ್ರು. ನಾ ಹೊಲಿದದ್ದನ್ನ ಯಾರು ಮೆಟ್ಟಿದ್ರು ಅಂತ ಮೂವತ್ತು ವರ್ಷ ನನಗ ಗೊತ್ತಾಗಲಿಲ್ಲ. ಆಮ್ಯಾಲ ಎಂಟು ಮಂದಿ ಹೆಂಗಸರು ಕೂಡಿ ಸಂಘ ಮಾಡಿದ್ವಿ. ಗಿರಾಕಿಗಳು ನಮ್ಮ ಬಾಗಲಿಗೇ ಬರಾಕತ್ತಿದ್ರು. ರಟ್ಟಿನ ಮ್ಯಾಲ ಕಾಲಿಡಸಿ, ಸುತ್ತ ಪೆನ್ಸಿಲ್ ಎಳದು, ನಂಬರ್ ಹಾಕಿ ಮೊಳಿಗೆ ತೂಗ ಹಾಕತಿದ್ದೆ. ಒಂದಿನ ಇಲಿ ಬಂದು ಹತ್ತು ಕಾಲು ತಿಂದು ಹೋತು.

ಆಗ ಮೊಮ್ಮಗಳು, ಚಿಕ್ಕೋಡಿ ಕಾಲೇಜಿಗೆ ಹೋಗಾಕಿ, ಎಲ್ಲಾ ರಟ್ಟಿನ ಲೆಕ್ಕ ನನ್ನ ಫೋನಿನ ಶೀಟಿನೊಳಗ ಖಾನೆ ಖಾನೆ ಮಾಡಿ ಹಾಕಿ ಕೊಟ್ಟಳು. ನಂಬರು, ಹೆಸರು, ಉದ್ದ, ಅಗಲ. ಕೊಯ್ದದ್ದಕ್ಕ ಹಳದಿ, ಹೊಲಿದದ್ದಕ್ಕ ಹಸರು ಬಣ್ಣ. ಬಣ್ಣ ಬಳಿಯೂದು ನಂದು. "ಆಯಿ, ನಮ್ಮ ಕ್ಲಾಸಿನವರಿಗಿಂತ ಚಂದ ಮಾಡ್ತಿ" ಅಂದಳು. ಆಕಿ ಅಂದಾಗಿಂದ ನನ್ನ ಬಾಯಾಗಿನ ಸಕ್ರಿ ಇನ್ನೂ ಕರಗಿಲ್ಲ.

ಬರಿಯೂ ಕೆಲಸಕ್ಕಂತ ಸಂಘದಾಗ ಓಣಿಯ ಒಬ್ಬ ರಿಟೈರ್ ಆದ ಕ್ಲಾರ್ಕ್ ಸಾಹೇಬರನ್ನ ಸೇರಿಸ್ಕೊಂಡಿದ್ವಿ. ಒಂದು ದೀಪಾವಳಿ ಮುಂದ ನಲವತ್ತು ಜೋಡಿನ ಆರ್ಡರ್ ಬಂತು. ಅದರಾಗ ಸಾಹೇಬರದೂ ಒಂದು ಜೋಡು, ನಡದರ ಕರ್ ಕರ್ ಅನ್ನೂವಂಥಾದ್ದು. ಅವತ್ತಿನ ಮೀಟಿಂಗಿನೊಳಗ ಅವರು, ಇನ್ನ ಪಟ್ಟಿ ಓದು ಬಂದವರ ಕೈಯಾಗ ಇರಲಿ ಅಂದ್ರು. ನನ್ನ ಕಡೆ ನೋಡಿ, ಅಕ್ಕಾರು ಬಣ್ಣ ಚಂದ ಬಳೀತಾರ, ರಂಗೋಲಿಗೆ ಉಪಯೋಗ ಆಗತೈತಿ ಅಂತನೂ ಅಂದ್ರು. ಒಂದಿಬ್ಬರು ನಕ್ಕರು. ಉಳದವರು ನೆಲ ನೋಡಿದ್ರು.

ನನಗ ಉರೀತು. ಪಟ್ಟಿ ಹೋದ್ರ ಗಿರಾಕಿ ಹೋದಂಗ. ಗಿರಾಕಿ ಹೋದ್ರ ನಾವು ಮತ್ತ ಇನ್ನೊಬ್ಬರ ವಹಿ ಹಿಂದ ಕುಂತು ಹೊಲಿಯೂ ಬರೇ ಕೈ. ಆದರೂ ಸಂಘದ ಮಾತಂತ ಪಟ್ಟಿ ಕಳಿಸಿಕೊಟ್ಟೆ. ನಿಮ್ಮ ಫೋನಿನಾಗಿಂದು ಅಳಸ್ರಿ ಅಂದ್ರು. ಅಳಸಲಿಲ್ಲ.

ಮೂರು ದಿನಕ್ಕ ಸಾಹೇಬರು ಪ್ರಿಂಟ್ ತಗಸಿಕೊಂಡು ಬಂದ್ರು. ಹೆಸರುಗಳನ್ನ ಶಾಲಿ ಹಾಜರಿಯಂಗ ಅಕ್ಷರದ ಸಾಲಿಗೆ ಹಚ್ಚಿದ್ರು. ಮೈದುನ ತೊಗಲು ಹಾಸಿ, ಕೊಯ್ಯೂ ರಂಪಿಗಿ ಮಸದು ಕುಂತಿದ್ದ. ನಾ ಕಾಗದ ಇಸಗೊಂಡು ಒಂದೊಂದ ಅಕ್ಷರ ಕೂಡಿಸಿ ಓದಿದೆ. ಬೋರಗಾಂವದ ಟೀಚರಬಾಯಿ, ಅಂಗೈಯಷ್ಟು ಕಾಲಿನಾಕಿ, ಆಕಿ ಹೆಸರಿನ ಮುಂದ ಹನ್ನೊಂದು ಇಂಚು ಬರದಿತ್ತು. ತೊಗಲಿನ ಮ್ಯಾಲ ಕೈ ಇಟ್ಟುಬಿಟ್ಟೆ. ಕೊಯ್ದ ತೊಗಲು ತಿರುಗಿ ಕೂಡೂದಿಲ್ಲ.

"ಕಂಪ್ಯೂಟರ್ ತಪ್ಪೂದಿಲ್ರಿ ಅಕ್ಕಾರ. ಕೈ ತಗೀರಿ."

"ತಗಿಯೂದಿಲ್ರಿ ಸಾಹೇಬ್ರ. ಮೊದಲ ನಿಮ್ಮ ಹೆಸರು ತೋರಸ್ರಿ."

ತೋರಿಸಿದ್ರು. ಅವರ ಹೆಸರಿನ ಮುಂದ ಎಂಟು ಇಂಚು. ಮೊಳಿಯಿಂದ ಎಂಟು ಇಂಚಿನ ರಟ್ಟು ಇಳಿಸಿ ಅವರ ಮುಂದ ಇಟ್ಟೆ.

"ನಿಮ್ಮ ಪಟ್ಟಿ ಹೇಳೂ ಕಾಲು ಇದು. ಇಡ್ರಿ."

ಸಂಘದ ಉಳದ ಏಳು ಮಂದಿ ಹೆಂಗಸರು ನೋಡಾಕತ್ತಿದ್ರು, ಇಡದ ಗತಿ ಇರಲಿಲ್ಲ. ಹಿಮ್ಮಡ ಪೂರಾ ನೆಲದ ಮ್ಯಾಲ ಬಂತು. ಮೊದಲ ಮೈದುನನ ನಗು, ಆಮ್ಯಾಲ ಎಲ್ಲಾರದೂ. ನಾ ಫೋನ್ ತಗದು ಅವರ ನಂಬರ್ ನೋಡಿ, ಅದ ನಂಬರಿನ ರಟ್ಟು ಇಟ್ಟೆ. ಡಬ್ಬಿಗೆ ಮುಚ್ಚಳ ಕುಂತಂಗ ಕಾಲು ಕುಂತಿತು.

ಸಂಜಿಕ ಮೊಮ್ಮಗಳು ಬಂದು ನೋಡಿ ತಿಳಿಸಿ ಹೇಳಿದಳು. ಸಾಹೇಬರು ಹೆಸರಿನ ಖಾನೆ ಒಂದನ್ನ ಮಾತ್ರ ಸಾಲಿಗೆ ಹಚ್ಚಿದ್ರಂತ. ಅಳತಿ ಖಾನೆ ಇದ್ದಲ್ಲೇ ಕುಂತಿದ್ದಕ್ಕ ಒಬ್ಬರ ಹೆಸರಿಗೆ ಇನ್ನೊಬ್ಬರ ಕಾಲು ಬಂದಿತ್ತು. ಆಮ್ಯಾಲ ನನ್ನ ಪಟ್ಟಿಗೆ ಕೀಲಿ ಹಾಕಿದಳು. ಈಗ ಸಂಘದವರೆಲ್ಲ ಅವರವರ ಫೋನಿನಾಗ ನೋಡತಾರ, ತಿದ್ದಾಕ ಮಾತ್ರ ಆಯಿ ಒಬ್ಬಾಕಿಗೆ ಬರತೈತಿ. ಆ ಕೂಸಿನ ಗಲ್ಲ ಹಿಡದು ಎಷ್ಟು ಸಲ ಮುದ್ದು ಕೊಟ್ಟೆ ಅಂತ ಯಾವ ಖಾನೆಯೊಳಗೂ ಬರದಿಲ್ಲ.

ಶಾಣ್ಯಾಕಿ ಅಂತ ಯಾರೂ ನನಗ ಸರ್ಟಿಫಿಕೇಟ್ ಕೊಡಬ್ಯಾಡ್ರಿ. ಪಟ್ಟಿ ನನ್ನ ಕಡೆ ಐತಿ, ಸಾಕು. ಸಾಹೇಬರ ಜೋಡಿನ ಎರಡು ತಳದ ನಡುವ ಕರ್ ಕರ್ ಸಪ್ಪಳಾಗಲಿ ಅಂತ ಇಡೂ ಬೀಜ ನಾಕು ಹೆಚ್ಚಿಗೇನ ಇಟ್ಟು ಹೊಲಿದೆ. ಅವರು ದಿನಾ ಮುಂಜಾನಿ ಅದನ್ನ ಮೆಟ್ಟಿ ಹಾಲು ತರಾಕ ಹೋಗತಾರ. ನನ್ನ ಅಳತಿ ಸರಿ ಐತಿ ಅಂತ ಅವರ ಕಾಲೇ ಓಣಿ ತುಂಬ ಹೇಳಕೋತ ಹೋಗತೈತಿ.