ಬಿಗಿಯದ ನಟ್ಟಿನ ಮೇಲಿನ ಪಾನಾ

ಜಹೀರಾಬಾದಿನ ಹೈವೇ ಪಕ್ಕದಲ್ಲಿದ್ದ ನನ್ನ ಮಾವನ ಗ್ಯಾರೇಜಿನಲ್ಲಿ ಕಾನೂನು ಒಂದೇ. ಅರ್ಧ ಬಿಗಿದ ನಟ್ಟನ್ನು ಬಿಟ್ಟು ಏಳಬೇಕಾಗಿ ಬಂದರೆ ಪಾನಾವನ್ನು, ಅಂದರೆ ಸ್ಪ್ಯಾನರನ್ನು, ಆ ನಟ್ಟಿನ ಮೇಲೆಯೇ ತೂಗಲು ಬಿಟ್ಟು ಏಳಬೇಕು. ಚಹಾ ಬರಲಿ, ಗಿರಾಕಿ ಬರಲಿ, ಮನೆಗೆ ಬೆಂಕಿ ಬೀಳಲಿ. ತಿರುಗಿ ಬಂದಾಗ ಪಾನಾ ತೂಗುತ್ತಿದ್ದರೆ ಕೆಲಸ ಬಾಕಿ ಇದೆ, ಇಲ್ಲದಿದ್ದರೆ ಮುಗಿದಿದೆ. ಈ ಒಂದು ಕಾನೂನಿನ ಮೇಲೆ ಅವರು ನಲವತ್ತು ವರ್ಷ ಜೀಪು, ಲಾರಿ, ಟ್ರ್ಯಾಕ್ಟರುಗಳ ಇಂಜಿನ್ ಬಿಚ್ಚಿ ಕಟ್ಟಿದ್ದರು. ತೂಗುತ್ತಿದ್ದ ಪಾನಾ ಕೆಳಗೆ ಬಿದ್ದರೆ ಏನು ಮಾಡಬೇಕು ಎಂದು ಮಾತ್ರ ಅದರಲ್ಲಿ ಇರಲಿಲ್ಲ. ಬಿದ್ದದ್ದು ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೆ ಬೇರೆ ಕಾನೂನು ಯಾಕೆ ಬೇಕು?

ನಾನು ಮನೆ ಅಳಿಯ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಮಶೀನಿನ ಮುಂದೆ ಹನ್ನೆರಡು ವರ್ಷ ನಿಂತಿದ್ದವನು, ಆ ಕಾರ್ಖಾನೆ ಮುಚ್ಚಿದ ಮೇಲೆ, ನಲವತ್ತರ ಹತ್ತಿರದ ವಯಸ್ಸಿನಲ್ಲಿ ಹೆಂಡತಿಯ ತವರಿಗೆ ಬಂದು ಮಾವನ ಕೈಕೆಳಗೆ ಸೇರಿದೆ. ಇದರಷ್ಟು ಎಡವಟ್ಟಿನ ಕೆಲಸ ಇನ್ನೊಂದಿಲ್ಲ. ಬೇರೆ ಉಸ್ತಾದನಾದರೆ ತಪ್ಪಿದವನ ತಲೆಗೆ ಎರಡು ಬಿಟ್ಟು ಕಲಿಸುತ್ತಾನೆ. ಮಾವ ಅಳಿಯನ ಮೇಲೆ ದನಿ ಏರಿಸುವಂತಿಲ್ಲ, ಮನೆಯಲ್ಲಿ ಅವನಿಗೇ ಮೊದಲು ಬಡಿಸಬೇಕು. ಅಳಿಯ ಮಾವನ ತಪ್ಪನ್ನು ಎತ್ತಿ ಆಡುವಂತಿಲ್ಲ. "ಅಳಿಯಂದಿರ, ಆ ಹದಿಮೂರರ ಪಾನಾ ಸ್ವಲ್ಪ ಕೊಡ್ತೀರೇನ್ರಿ?" ಎಂದು ಅವರು ಇಂಜಿನ್ನಿನೊಳಗಿಂದ ಕೇಳಿದರೆ, "ತಗೋರಿ ಮಾವಾರ" ಎಂದು ನಾನು ಎರಡೂ ಕೈಯಲ್ಲಿ ಕೊಡುತ್ತಿದ್ದೆ. ಲಾರಿ ಡ್ರೈವರುಗಳು ನಮ್ಮನ್ನು ನೋಡಿ, ಇದೇನು ಗ್ಯಾರೇಜೋ ಬೀಗರ ಮನೆಯೋ ಎಂದು ನಗುತ್ತಿದ್ದರು. ನಮಗೂ ನಗು ಬರುತ್ತಿತ್ತು. ಆ ಮರ್ಯಾದೆಯೇ ಒಬ್ಬರ ಬದುಕನ್ನು ತಿಂದು ಹಾಕೀತು ಎಂದು ಯಾರಿಗೆ ಗೊತ್ತಿತ್ತು?

ಮೊದಲ ಸಲ ಗಮನಕ್ಕೆ ಬಂದದ್ದು ಒಂದು ದೀಪಾವಳಿಯ ಮುಂದೆ. ಮಾವ ಟ್ರ್ಯಾಕ್ಟರಿನ ನಟ್ಟಿನ ಮೇಲೆ ಪಾನಾ ಬಿಟ್ಟು ಚಹಾಕ್ಕೆ ಎದ್ದರು. ಪಾನಾ ಜಾರಿ ಅವರು ಕೂತಿದ್ದ ಗೋಣಿಚೀಲದ ಎಡಗಡೆಗೆ ಬಿತ್ತು. ತಿರುಗಿ ಬಂದವರು ನಟ್ಟಿನ ಕಡೆ ನೋಡಿದರು, ಮೇಲೆ ಪಾನಾ ಇಲ್ಲ, ಮುಚ್ಚಳ ಹಾಕಿಬಿಟ್ಟರು. ಪಾನಾ ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಅವರು ಊಟಕ್ಕೆ ಹೋದ ಮೇಲೆ ನಾನು ಮುಚ್ಚಳ ತೆಗೆದು ಬಿಗಿದೆ. ವಯಸ್ಸಾಯಿತು, ಮರೆವು ಅಂದುಕೊಂಡೆ. ಹದಿನೈದು ದಿನಕ್ಕೆ ಮತ್ತೆ ಹಾಗೇ ಆಯಿತು. ಆಮೇಲೆ ಒಂದೊಂದೇ ಕಾಣತೊಡಗಿತು: ಪಕ್ಕಕ್ಕಿಟ್ಟ ಚಹಾದ ಗ್ಲಾಸನ್ನು ಮೊಣಕೈಯಿಂದ ಉರುಳಿಸುವುದು, ದಿನಾ ಅದೇ ಜಾಕಿಗೆ ಕಾಲು ಬಡಿದುಕೊಂಡು ಜಾಕಿಯನ್ನೇ ಬೈಯುವುದು.

ಒಮ್ಮೆ ಧೈರ್ಯ ಮಾಡಿ, "ಕಣ್ಣು ತೋರಿಸ್ಕೊಂಡು ಬರಮಿ ಮಾವಾರ" ಎಂದೆ. ಅವರು ಉರ್ದು ಶಾಲೆಯಲ್ಲಿ ಕಲಿತವರು. ಉರ್ದು ಪೇಪರ್ ಎತ್ತಿಕೊಂಡು, ಕನ್ನಡಕವಿಲ್ಲದೆ, ಇರುವೆಯಂಥ ಅಕ್ಷರಗಳ ಒಂದು ಇಡೀ ಸುದ್ದಿಯನ್ನು ಗಟ್ಟಿಯಾಗಿ ಓದಿ ಮುಗಿಸಿ, "ಇನ್ನೇನು ತೋರಸಾಕ ಬೇಕ್ರಿ?" ಎಂದರು. ಇನ್ನೊಮ್ಮೆ ಬಾಯಿ ಬಿಡಲು ನಾನೇನು ಅವರ ಮಗನೇ? ಮಗನಾಗಿದ್ದರೆ ಜಗಳವಾಡಿ ಎಳೆದುಕೊಂಡು ಹೋಗುತ್ತಿದ್ದೆ. ಅಳಿಯನಿಗೆ ಇದ್ದದ್ದು ಒಂದೇ ದಾರಿ. ಸಂಜೆ ಕಸ ಗುಡಿಸುವ ನೆಪದಲ್ಲಿ ಹಿಂದೆ ಉಳಿದು, ಬಿದ್ದ ಪಾನಾ ಎತ್ತಿ, ಅವರು ಮುಟ್ಟಿದ ಪ್ರತಿ ನಟ್ಟನ್ನೂ ಮತ್ತೊಮ್ಮೆ ಬಿಗಿಯತೊಡಗಿದೆ. ಒಂದು ಗಾಡಿಯೂ ತಕರಾರಿಗೆ ವಾಪಸು ಬರಲಿಲ್ಲ. ಮಾವನ ಕೈ ಇನ್ನೂ ಗಟ್ಟಿ ಎಂದು ಊರು ಹೊಗಳಿತು. ಅವರ ಮಾನ ಕಾಪಾಡುತ್ತಿದ್ದೇನೆ ಎಂದು ನಾನು ಒಳಗೊಳಗೇ ಬೀಗಿದೆ. ಈಗ ಆ ಬೀಗಿದ್ದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಹೀಗೆ ಒಂದು ವರ್ಷ ದಾಟಿದಾಗ ಆ ಕೆಂಪು ಕಾರು ಬಂತು. ಇಟಲಿಯದು, ಎರಡೇ ಸೀಟು, ಮೇಲೆ ಬಟ್ಟೆಯ ಚಾವಣಿ. ನಾರಾಯಣಖೇಡದ ಒಂದು ಹಳೆಯ ವಾಡೆಯ ಬಂಡಿ ಕೊಟ್ಟಿಗೆಯಲ್ಲಿ ಇಪ್ಪತ್ತೈದು ವರ್ಷ ನಿಂತಿತ್ತು, ಅದರ ಡ್ರೈವರ್ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತಂತೆ. ತಮ್ಮ ಅಪ್ಪ ಓಡಿಸುತ್ತಿದ್ದ ಕಾರಿನ ಸದ್ದು ಒಮ್ಮೆ ಕೇಳಬೇಕೆಂದು ಅದರ ಮಾಲಕರು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೇರಿಕೊಂಡು ತಂದರು. ಮಾವ ಹರೆಯದಲ್ಲಿ ಹೈದರಾಬಾದಿನ ವರ್ಕ್‌ಶಾಪಿನಲ್ಲಿ ಇಂಥದ್ದೇ ಇಂಜಿನ್ ಕಟ್ಟಿದ್ದರು. ಬಾನೆಟ್ ಎತ್ತಿ ಅವರು ನಿಂತ ರೀತಿ, ಕಳೆದುಹೋದ ಎತ್ತು ಸಿಕ್ಕವರ ಹಾಗಿತ್ತು. "ಇದು ಓಡೂದಿಲ್ರಿ ಅಳಿಯಂದಿರ, ಹಾಡತದ" ಎಂದರು.

ಆ ಇಂಜಿನ್ ಕಟ್ಟಿದ ನಾಲ್ಕು ತಿಂಗಳು ಊರಲ್ಲಿ ವಾರಕ್ಕೊಂದು ಬಂದ್. ಪ್ರತ್ಯೇಕ ತೆಲಂಗಾಣಕ್ಕಾಗಿ ಇವತ್ತು ರಸ್ತೆ ರೋಕೋ, ನಾಳೆ ರೈಲು ರೋಕೋ. ಹೈದರಾಬಾದಿನಿಂದ ಬರಬೇಕಾದ ಪಿಸ್ಟನ್ ರಿಂಗುಗಳು ಎಲ್ಲೋ ಕೂತವು. ನಾವು ಶಟರ್ ಅರ್ಧ ಎಳೆದು ಒಳಗೆ ಕೆಲಸ ಮಾಡಿದೆವು. ಎಂಟು ವಾಲ್ವುಗಳನ್ನು ಮಾವ ಮಜ್ಜಿಗೆ ಕಡೆಯುವಂತೆ ಎರಡು ಅಂಗೈ ನಡುವೆ ಕೋಲು ತಿರುಗಿಸಿ, ಪೇಸ್ಟ್ ಹಚ್ಚಿ ಉಜ್ಜಿ ಕೂಡಿಸಿದರು. ಬೆರಳಿನಿಂದ ಸವರಿ, "ಇದು ಕೂತ್ತು, ಇದು ಇನ್ನಾ ಕೂತಿಲ್ಲ" ಎನ್ನುತ್ತಿದ್ದರು. ಕೈಯಲ್ಲಿ ಒಂದು ತಪ್ಪು ಹಿಡಿಯಲಾಗುತ್ತಿರಲಿಲ್ಲ. ತಪ್ಪೆಲ್ಲ ಕೈ ಬಿಟ್ಟ ಮೇಲೆ.

ಉಳಿದದ್ದು ಟೈಮಿಂಗ್ ಬೆಲ್ಟ್. ಕೆಳಗೆ ಪಿಸ್ಟನ್ನುಗಳನ್ನು ಆಡಿಸುವ ಗಾಲಿಗೂ ಮೇಲೆ ವಾಲ್ವುಗಳನ್ನು ತೆರೆಯುವ ಎರಡು ಗಾಲಿಗೂ ಸೇರಿಸಿ ಹಾಕುವ ಹಲ್ಲಿನ ರಬ್ಬರ್ ಪಟ್ಟಿ. ಅದನ್ನು ಬಿಗಿ ಹಿಡಿದಿರುವುದು ಪಕ್ಕದಲ್ಲಿರುವ ಒಂದು ಚಿಕ್ಕ ರಾಟೆ. ಆ ರಾಟೆಯ ನಟ್ಟು ಸಡಿಲ ಬಿಟ್ಟು, ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಸ್ಪ್ರಿಂಗು ಬೆಲ್ಟನ್ನು ಎಳೆದುಕೊಂಡ ಮೇಲೆ ನಟ್ಟು ಬಿಗಿಯಬೇಕು. ಬಿಗಿಯದಿದ್ದರೆ ಓಡುವಾಗ ರಾಟೆ ಜಾರುತ್ತದೆ, ಬೆಲ್ಟ್ ಹಲ್ಲು ತಪ್ಪುತ್ತದೆ, ವಾಲ್ವು ಕೆಳಗೆ ಇಳಿಯುವ ಹೊತ್ತಿಗೇ ಪಿಸ್ಟನ್ ಮೇಲೆ ಬಂದು ಹೊಡೆಯುತ್ತದೆ. ಇಡೀ ಇಂಜಿನ್ನಿನ ಜೀವ ಆ ಒಂದು ನಟ್ಟು.

ತಾಂಡೂರಿನಲ್ಲಿ ಅಕ್ಕನ ಮಗಳ ನಿಶ್ಚಯಕ್ಕೆ ನಾನು ಹೋಗಲೇಬೇಕಿತ್ತು. "ನಾ ಬರೂ ತನಕ ಬೆಲ್ಟ್ ಮುಟ್ಟಬ್ಯಾಡ್ರಿ ಮಾವಾರ, ನನಗ ನೋಡಿ ಕಲೀಬೇಕದ" ಎಂದೆ. "ಆತು, ಹೋಗಿ ಬರ್ರಿ" ಎಂದರು. ಮರುದಿನ ವಾಪಸು ಹೊರಡಬೇಕೆನ್ನುವಾಗ ಬಸ್ಸು ನಿಂತವು. ಎರಡನೇ ದಿನವೂ ಇಲ್ಲ. ಮೂರನೇ ದಿನ ಮಾವನ ಫೋನು ಬಂತು. ದನಿಯಲ್ಲಿ ಹುಡುಗಾಟವಿತ್ತು.

"ಬಸ್ ಇಲ್ಲಂದ್ರ ಏನಾತ್ರಿ? ಇವತ್ತ ಬೆಲ್ಟ್ ಹಾಕಿ ಚಾಲೂ ಮಾಡ್ತೀನಿ. ನಾಳಿ ಮಾಲಕರನ್ನ ಬಾಜೂಕ ಕೂಡಿಸ್ಕೊಂಡು ನಿಮ್ಮ ತಾಂಡೂರಿಗೇ ಬರ್ತೀನಿ. ಅಳಿಯಂದಿರನ್ನ ಇಟಲಿ ಗಾಡ್ಯಾಗ ಕರ್ಕೊಂಡು ಬರತೀನಿ."

"ಮಾವಾರ, ಆ ರಾಟಿ ನಟ್ ಒಮ್ಮೆ..." ಎಂದೆ.

"ಹಾಂ? ಏನಂದ್ರಿ?"

"ಏನಿಲ್ರಿ. ಸಾವಕಾಶ ಮಾಡ್ರಿ ಅಂದೆ."

ಅವರು ನಕ್ಕು ಫೋನ್ ಇಟ್ಟರು. ಅಕ್ಕನ ಮನೆಯ ಕಟ್ಟೆಯ ಮೇಲೆ ಹಗಲು ಹೊತ್ತಿನಲ್ಲಿ, ಫೋನ್ ಕೈಯಲ್ಲಿ ಹಿಡಿದುಕೊಂಡು ನಾನು ಕೂತೇ ಇದ್ದೆ. ತಿರುಗಿ ಮಾಡಿ ಹೇಳಬಹುದಿತ್ತು. ಮಾಡಲಿಲ್ಲ.

ನಾಲ್ಕನೇ ದಿನ ಯಾರದೋ ಮೋಟಾರ್ ಸೈಕಲ್, ಯಾರದೋ ಜೀಪು ಹಿಡಿದು ಜಹೀರಾಬಾದು ಮುಟ್ಟಿದೆ. ನಡೆದದ್ದನ್ನು ಅತ್ತೆ ಹೇಳಿದರು. ಮಾವನಿಗೆ ಬುತ್ತಿ ತಂದಿದ್ದ ಅವರು ಅಲ್ಲೇ ಇದ್ದರಂತೆ. ರಾಟೆಯ ನಟ್ಟಿಗೆ ಪಾನಾ ಹಾಕಿದ ಹೊತ್ತಿಗೆ ರಸ್ತೆಯಲ್ಲಿ ಮೆರವಣಿಗೆ ಬಂತು, ಬಂದ್ ಮಾಡಿ ಎಂದು ಕೂಗಿದರು, ಮಾವ ಎದ್ದು ಹೋಗಿ ಶಟರ್ ಎಳೆದರು. ಬಂದು ಕೂತು, ನೋಡಿ, ಮುಚ್ಚಳ ಹಾಕಿದರು. ಇಂಜಿನ್ ಒಂದೇ ಸಲಕ್ಕೆ ಹತ್ತಿತು. "ಖರೇನೇ ಹಾಡ್ತಿತ್ತು ನೋಡ್ರಿ" ಎಂದರು ಅತ್ತೆ. "ನಾ ಬುತ್ತಿ ಗಂಟು ಬಿಚ್ಚಿ ರೊಟ್ಟಿ ಇಡಾಕ ಹತ್ತಿದ್ದೆ, ಅಷ್ಟರಾಗ ಒಳಗ ಹಲ್ಲು ಕಡದಂಗ ಸಪ್ಪಳಾತು. ನಿಂತೇ ಬಿಟ್ಟಿತು." ಮಾವ ಆಗಿನಿಂದ ರೊಟ್ಟಿ ಮುಟ್ಟಿರಲಿಲ್ಲ.

ಗ್ಯಾರೇಜಿಗೆ ಹೋದೆ. ಇಂಜಿನ್ನಿನ ಹೆಡ್ ಬಿಚ್ಚಿ ಬೆಂಚಿನ ಮೇಲೆ ಇಟ್ಟುಕೊಂಡು ಮಾವ ಕೂತಿದ್ದರು. ಎಂಟರಲ್ಲಿ ಆರು ವಾಲ್ವು ಸೊಟ್ಟಗಾಗಿದ್ದವು. ಬೆಲ್ಟಿನ ಒಂದು ಹಲ್ಲೂ ಮುರಿದಿರಲಿಲ್ಲ. "ಆ ನಟ್ ಬೆರಳಿಗೇ ತಿರಗಾಕ ಹತ್ತದ್ರಿ" ಎಂದರು. "ನಾ ಬಿಗದೀನಿ. ಪಾನಾ ಇರಲಿಲ್ಲ ಅದರ ಮ್ಯಾಲ. ಇದ್ದಿದ್ರ ನನಗ ಕಾಣತಿರಲಿಲ್ಲೇನ್ರಿ?"

ಆಗ ನಾನು ಒಂದು ತಪ್ಪು ಮಾಡಿದೆ. ಹುಡುಕಲಿಲ್ಲ. ಅತ್ತಿತ್ತ ನೋಡಲೂ ಇಲ್ಲ. ಸೀದಾ ಕಾರಿನ ಎಡಗಡೆಗೆ ಹೋಗಿ, ಬಗ್ಗಿ, ಗೋಣಿಚೀಲದ ಅಂಚಿನಿಂದ ಹದಿನೇಳರ ಪಾನಾ ಎತ್ತಿಕೊಂಡೆ. ವರ್ಷದ ಮೇಲಿನ ರೂಢಿ, ಕೈ ತಾನೇ ಹೋಗಿತ್ತು. ತಲೆ ಎತ್ತಿದಾಗ ಮಾವ ನನ್ನನ್ನೇ ನೋಡುತ್ತಿದ್ದರು. ನನ್ನ ಮುಖದ ಮೇಲೆ ನಟ್ಟ ಆ ನೋಟ ಚೊಕ್ಕವಾಗಿಯೇ ಇತ್ತು.

"ಎಲ್ಲಿ ಬೀಳತಾವ ಅಂಬೂದು ನಿಮಗ ಗೊತ್ತದ" ಎಂದರು.

ಬಸ್ಸು ಶುರುವಾದ ದಿನ ತಾವೇ ಎದ್ದು, "ಕಣ್ಣಿನ ದವಾಖಾನೆಗೆ ನಡೀರಿ" ಎಂದರು. ಹೈದರಾಬಾದಿನ ವೈದ್ಯರು ಅರ್ಧ ದಿನ ಪರೀಕ್ಷೆ ಮಾಡಿದರು. ಕಾಲಾ ಮೋತಿಯಾ, ಅಂದರೆ ಗ್ಲಾಕೋಮಾ. ಸುತ್ತಲಿನ ನೋಟವನ್ನು ಮೊದಲು ತಿನ್ನುತ್ತದೆ, ನಡುವಿನದನ್ನು ಕೊನೆಗೆ ಬಿಡುತ್ತದೆ. ಅದಕ್ಕೇ ಪೇಪರ್ ಓದಲು ಬರುತ್ತಿತ್ತು, ಪಕ್ಕಕ್ಕೆ ಬಿದ್ದದ್ದು ಕಾಣುತ್ತಿರಲಿಲ್ಲ. ಹೋದದ್ದು ತಿರುಗಿ ಬರುವುದಿಲ್ಲ. ಉಳಿದ ಚೂರೂ ಬಹಳ ದಿನದ್ದಲ್ಲ. "ಒಂದು ವರ್ಷದ ಹಿಂದೆ ಕರೆತಂದಿದ್ದರೆ ಬಹಳಷ್ಟು ಉಳಿಸಬಹುದಿತ್ತು" ಎಂದು ಅವರು ಹೇಳಿದ್ದು ನನಗೆ. ಮಾವ ಪಕ್ಕದಲ್ಲೇ ಕೂತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ, ಸದಾಶಿವಪೇಟೆ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು: "ಯಾವಾಗಿಂದ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಆ ದೀಪಾವಳಿಯಿಂದ್ರಿ. ಹೋದ ದೀಪಾವಳಿ ಅಲ್ಲ, ಅದರ ಹಿಂದಿಂದು."

ಅವರು ಬೆರಳು ಮಡಚಿ ತಿಂಗಳು ಎಣಿಸಿದರು. ಹನ್ನೆರಡು ದಾಟಿದ ಮೇಲೂ ಬೆರಳು ಮಡಚುತ್ತಲೇ ಇದ್ದರು. ಬೈಯಲಿ, ಬಸ್ಸಿನ ಮಂದಿಯ ಎದುರು ಕೆನ್ನೆಗೆ ಹೊಡೆಯಲಿ ಎಂದು ನಾನು ಕಾಯುತ್ತಿದ್ದೆ. ಜಹೀರಾಬಾದು ಬಂದಾಗ ಅವರು ಸೀಟಿನ ಕಂಬಿ ಹಿಡಿದು ಇಳಿಯಲು ಎದ್ದರು.

ಕಾರಿನ ಮಾಲಕರು ತಂದಿದ್ದ ಟ್ರಾಲಿಯಲ್ಲೇ ಅದನ್ನು ಹಗ್ಗದಿಂದ ಕಟ್ಟಿ ನಾರಾಯಣಖೇಡಕ್ಕೆ ಒಯ್ದರು. ಆ ವಾಲ್ವುಗಳು ಇನ್ನು ಎಲ್ಲೂ ಸಿಗುವುದಿಲ್ಲ. ತೆಲಂಗಾಣ ರಾಜ್ಯ ಬಂದ ದಿನ ಹೈವೇ ತುಂಬ ಪಟಾಕಿ ಸಿಡಿದವು. ಮಾವ ಬಾಗಿಲಲ್ಲಿ ಕೂತು ಸದ್ದು ಬಂದ ಕಡೆ ಮುಖ ತಿರುಗಿಸುತ್ತಿದ್ದರು. ಅಷ್ಟರಲ್ಲಿ ಪೇಪರ್ ಓದುವುದೂ ನಿಂತಿತ್ತು.

ಆದರೆ ನನ್ನನ್ನು ಬಿಡದೆ ಕಾಡುವುದು ಆಸ್ಪತ್ರೆಯಿಂದ ಬಂದ ಆ ಸಂಜೆ. ಇಬ್ಬರೂ ಕೈಕಾಲು ತೊಳೆದು ಒಳಗೆ ಕೂತೆವು. ಅತ್ತೆ ಗಾಬರಿಯಲ್ಲಿ, ಏನಾಯಿತೆಂದು ಕೇಳುತ್ತ, ಮೊದಲು ಅವರ ಮೊಣಕಾಲ ಪಕ್ಕ ತಾಟು ಇಟ್ಟರು. ಮಾವ ಕೈಯಿಂದ ತಡವರಿಸಿ ತಾಟನ್ನು ಹುಡುಕಿ, ನನ್ನ ಕಡೆ ಸರಿಸಿದರು.

"ಅಳಿಯಂದಿರಿಗೆ ಮೊದಲ ಬಡಸು" ಎಂದರು. "ಮುಂಜಾನಿಯಿಂದ ಉಂಡಿಲ್ಲ ಅವರು."

ನಾನು ಉಂಡೆ.