ಫೆಬ್ರುವರಿ ಇಪ್ಪತ್ತೊಂಬತ್ತರ ಕಾರ್ಡು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ, ಫೆಬ್ರುವರಿ ಇಪ್ಪತ್ತಾರು. ಪತ್ರಿಕೆಯ ಕಚೇರಿಯ ಎರಡನೇ ಮಹಡಿಯಲ್ಲಿ, ಲಿಫ್ಟಿನ ಯಂತ್ರ ಗೋಡೆಯಾಚೆ ಗುರುಗುಟ್ಟುವ ಉದ್ದನೆಯ ಕೋಣೆಯಲ್ಲಿ, ತಾರೀಖಕ್ಕ ಒಬ್ಬ ನಟಿಯ ವಯಸ್ಸಿನ ಲೆಕ್ಕ ಹಾಕುತ್ತಿದ್ದಳು. ನಟಿಯ ಮ್ಯಾನೇಜರ್ ಫೋನಿನಲ್ಲಿ ಹೇಳಿದ ವರ್ಷ ನಿಜವಾಗಿದ್ದರೆ, ಆಕೆ ಮೊದಲ ಚಿತ್ರದಲ್ಲಿ ನಾಯಕನ ತಾಯಿಯಾದಾಗ ಆಕೆಗೆ ಹನ್ನೊಂದು ವರ್ಷ ಆಗಿರಬೇಕಿತ್ತು. ತಾರೀಖಕ್ಕ ಕಾರ್ಡಿನಲ್ಲಿ ದಿನ, ತಿಂಗಳು ಬರೆದು, ವರ್ಷದ ಜಾಗ ಖಾಲಿ ಬಿಟ್ಟು, ಅಂಚಿನಲ್ಲಿ ಪೆನ್ಸಿಲಿನಿಂದ ‘ಅನುಮಾನ’ ಎಂದು ಗುರುತು ಹಾಕಿದಳು. ಅಷ್ಟರಲ್ಲಿ ಟಪಾಲು ಬಂತು.

ತಾರೀಖಕ್ಕನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮೂರನೇ ಪುಟದ ಎಡ ಮೂಲೆಯಲ್ಲಿ ದಿನವೂ ಬರುತ್ತಿದ್ದ ‘ಈ ದಿನ’ ಅಂಕಣ ಇಪ್ಪತ್ತೊಂಬತ್ತು ವರ್ಷದಿಂದ ಅವಳದು. ಆ ತಾರೀಖಿಗೆ ನಡೆದ ಯುದ್ಧ, ಆದ ಒಪ್ಪಂದ, ಹುಟ್ಟಿದ ನಟ, ಸತ್ತ ವಿಜ್ಞಾನಿ, ಆಚರಿಸುವ ದಿನ, ಎಲ್ಲ ಸೇರಿ ಏಳು ಸಾಲು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ: ಪ್ರತಿ ತಾರೀಖಿಗೂ ಎರಡು ಸಾಕ್ಷಿ.

ಆ ಸಾಲು ಬಾಯಿಮಾತಲ್ಲ. ಅವಳ ಮೇಜಿನ ಹಿಂದೆ ಹನ್ನೆರಡು ಡ್ರಾಯರಿನ ಮರದ ಕಪಾಟಿತ್ತು. ತಿಂಗಳಿಗೊಂದು ಡ್ರಾಯರು, ದಿನಕ್ಕೊಂದು ರಟ್ಟಿನ ಅಡ್ಡಗೋಡೆ, ಒಟ್ಟು ಮುನ್ನೂರ ಅರವತ್ತಾರು. ಒಂದು ಪುಸ್ತಕದಲ್ಲೋ ದಾಖಲೆಯಲ್ಲೋ ತಾರೀಖು ಸಿಕ್ಕಿದರೆ ಕಾರ್ಡಿನ ಮೂಲೆಯಲ್ಲಿ ನೀಲಿ ಗೀಟು. ಇನ್ನೊಂದು ಕಡೆ ಸಿಕ್ಕಿ, ಆ ಇನ್ನೊಬ್ಬ ಮೊದಲನೆಯವನನ್ನು ನೋಡಿ ಬರೆದಿಲ್ಲ ಎಂದು ಖಾತ್ರಿಯಾದರೆ ಕೆಂಪು ಗೀಟು. ಎರಡೂ ಗೀಟು ಬೀಳದ ಕಾರ್ಡು ಅಚ್ಚಿಗೆ ಹೋಗುವಂತಿಲ್ಲ. ಪೆನ್ಸಿಲ್ ಕಂಪನಿಯೊಂದು ‘ಪೆನ್ಸಿಲ್ ದಿನ’ ಎಂದು ಒಂದು ದಿನವನ್ನು ಹುಟ್ಟಿಸಿ, ಜೊತೆಗೆ ಒಂದು ಡಬ್ಬಿ ಪೆನ್ಸಿಲನ್ನೂ ಕಳಿಸಿದಾಗ, ಅವಳು ಡಬ್ಬಿ ವಾಪಸು ಕಳಿಸಿ, ಈ ದಿನವನ್ನು ನಿಮ್ಮನ್ನು ಬಿಟ್ಟು ಇನ್ನಾರು ಆಚರಿಸುತ್ತಾರೆ ಎಂದು ಕೇಳಿ ಬರೆದಿದ್ದಳು. ಉತ್ತರ ಬರಲಿಲ್ಲ.

ಮನೆಯಲ್ಲೂ ಅವಳು ಹೀಗೆಯೇ. ಜೊತೆಗಿದ್ದ ತಂಗಿ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. “ನನ್ನ ನೋಡೋಕೆ ಬಂದ ಗಂಡಿನ ವಯಸ್ಸು ಸರಿಯಿದೆಯೋ ಇಲ್ವೋ ಅಂತ ಅವನು ಓದಿದ ಶಾಲೆಗೇ ಹೋಗಿ ರಿಜಿಸ್ಟರ್ ನೋಡ್ಕೊಂಡು ಬಂದ್ಲು ಈ ಮಹಾತಾಯಿ. ಮೂರು ವರ್ಷ ಕಮ್ಮಿ ಹೇಳಿದ್ದ. ನಾನು ಇವತ್ತಿಗೂ ಇಲ್ಲೇ ಇದೀನಿ.”

“ಮೂರಲ್ಲ, ಮೂರೂವರೆ,” ಎನ್ನುತ್ತಿದ್ದಳು ತಾರೀಖಕ್ಕ.

ಟಪಾಲಿನಲ್ಲಿದ್ದದ್ದು ಊರಿನ ಆಚೆ ಬದಿಯ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯ ಪತ್ರ. ಶಾಲೆಯ ನೀರಿನ ತೊಟ್ಟಿಯ ಹಿಂದೆ ಬಿಸಿಲು ಬೀಳದ ಒಂದು ಜಾಗವಿತ್ತಂತೆ. ಏನು ನೆಟ್ಟರೂ ಬದುಕುತ್ತಿರಲಿಲ್ಲ. ಮಕ್ಕಳು ಅಲ್ಲಿ ಹದಿನಾಲ್ಕು ಬಗೆಯ ಪಾಚಿ ಬೆಳೆಸಿದ್ದಾರೆ. ಇಪ್ಪತ್ತೊಂಬತ್ತಕ್ಕೆ ಆ ತೋಟಕ್ಕೆ ಒಬ್ಬ ಪಾಚಿ ವಿಜ್ಞಾನಿಯ ಹೆಸರಿಡುವುದು. ಅವರ ಹುಟ್ಟಿದ ದಿನ ಮೊದಲು ತಿಳಿದದ್ದು ‘ಈ ದಿನ’ ಅಂಕಣದಿಂದ. ಫೋಟೋ ಇದ್ದರೆ ಕೊಡುತ್ತೀರಾ? ಇಪ್ಪತ್ತೆಂಟಕ್ಕೆ ಫಲಕ ಬರೆಸಬೇಕು. “ನಿಮ್ಮ ಅಂಕಣದ ಹಾಗೆಯೇ ಮಕ್ಕಳು ಎರಡು ಸಾಕ್ಷಿ ಹುಡುಕಿದ್ದಾರೆ. ಲಗತ್ತಿಸಿದ್ದೇನೆ.”

ತಾರೀಖಕ್ಕ ಫೆಬ್ರುವರಿಯ ಡ್ರಾಯರು ಎಳೆದು ಕೊನೆಯ ರಟ್ಟಿನ ಹಿಂದೆ ಬೆರಳಾಡಿಸಿದಳು. ಕಾರ್ಡು ಅಲ್ಲೇ ಇತ್ತು, ಅವಳದೇ ಕೈಬರಹ. ಮೂಲೆಯಲ್ಲಿ ನೀಲಿಯೂ ಇಲ್ಲ, ಕೆಂಪೂ ಇಲ್ಲ.

ಆ ವಿಜ್ಞಾನಿ ಹುಟ್ಟಿರಲೇ ಇಲ್ಲ. ಅವನ ಹೆಸರು ಇಲ್ಲಿ ಬೇಡ. ಬರೆದರೆ ಇನ್ನೊಬ್ಬರು ನಕಲು ಮಾಡಿಯಾರು. ಹನ್ನೆರಡು ವರ್ಷದ ಹಿಂದೆ ಊರಿನ ಸಂಜೆ ಪತ್ರಿಕೆಯೊಂದು ಅವಳ ಅಂಕಣವನ್ನು ಅಲ್ಪವಿರಾಮದ ಸಮೇತ ಎತ್ತಿಕೊಳ್ಳುತ್ತಿತ್ತು. ಹಿಡಿದುಹಾಕಲು ಆಗಿನ ಸಂಪಾದಕರ ಒಪ್ಪಿಗೆ ಪಡೆದು ಅವಳು ಒಂದು ಬಲೆ ಹೆಣೆದಳು: ಪಾಚಿ ವಿಜ್ಞಾನಿ, ಜನನ 29 ಫೆಬ್ರುವರಿ 1900. ಬಲೆಗೊಂದು ಬೀಗದ ಕೈಯನ್ನೂ ಇಟ್ಟಿದ್ದಳು. ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. ಸಾವಿರದ ಒಂಬೈನೂರರ ಫೆಬ್ರುವರಿಗೆ ಇಪ್ಪತ್ತೆಂಟೇ ದಿನ. ಪರೀಕ್ಷಿಸುವ ಯಾರಿಗೇ ಆದರೂ ಒಂದು ನಿಮಿಷದಲ್ಲಿ ಸುಳ್ಳು ಗೊತ್ತಾಗಬೇಕು.

ಸಂಜೆ ಪತ್ರಿಕೆ ಅಂದೇ ಸಿಕ್ಕಿಬಿತ್ತು, ಕದಿಯುವುದನ್ನು ನಿಲ್ಲಿಸಿತು. ಕಾರ್ಡನ್ನು ಆಗಲೇ ಹರಿಯಬೇಕಿತ್ತು. ಅವಳು ಹರಿಯಲಿಲ್ಲ. ಇನ್ನಾರಾದರೂ ಬೀಳುತ್ತಾರೇನೋ ನೋಡೋಣವೆಂದು ಮುಂದಿನ ಅಧಿಕ ವರ್ಷಕ್ಕೂ ಹಾಕಿದಳು, ಅದರ ಮುಂದಿನದಕ್ಕೂ ಹಾಕಿದಳು. ಯಾರೂ ಆ ಬೀಗ ತೆಗೆದು ನೋಡಿರಲಿಲ್ಲ ಎಂಬುದು ಅವಳಿಗೆ ಒಳಗೊಳಗೇ ಖುಷಿಯ ಸಂಗತಿಯೂ ಆಗಿತ್ತು.

ಈಗ ಲಗತ್ತುಗಳನ್ನು ಬಿಡಿಸಿದಳು. ಒಂದು ಸಾಮಾನ್ಯ ಜ್ಞಾನದ ಕೈಪಿಡಿಯ ಪುಟ, ಇನ್ನೊಂದು ಇಂಟರ್ನೆಟ್ಟಿನಿಂದ ಮುದ್ರಿಸಿದ ಹಾಳೆ. ಕೈಪಿಡಿಯಲ್ಲಿ ವಿಜ್ಞಾನಿಗೆ ಎರಡು ಪ್ರಶಸ್ತಿ ಬಂದಿದ್ದವು. ಹಾಳೆಯಲ್ಲಿ ಒಬ್ಬ ಹೆಂಡತಿಯೂ ಇದ್ದಳು. ಇವನ್ನೆಲ್ಲ ತಾರೀಖಕ್ಕ ಬರೆದಿರಲಿಲ್ಲ. ಅವಳಿಗೆ ಮೊದಲು ಅನುಮಾನ ಬಂದದ್ದು ಸಂಜೆ ಪತ್ರಿಕೆಯವರ ಮೇಲೆ: ಸೇಡು ತೀರಿಸಿಕೊಳ್ಳಲು ಪತ್ರವನ್ನೇ ಸೃಷ್ಟಿಸಿದ್ದಾರೋ? ಶಾಲೆಗೆ ಫೋನ್ ಮಾಡಿ, ಯಾವುದೋ ನೆಪ ಹೇಳಿ, ಹಿಂದಿನಿಂದ ಮಕ್ಕಳ ಗಲಾಟೆ ಕೇಳಿಸಿದ ಮೇಲೆ ಇಟ್ಟಳು. ಆಮೇಲೆ ಅನುಮಾನ ಬಂದದ್ದು ತನ್ನ ಮೇಲೆ. ಇಂಥವನೊಬ್ಬ ನಿಜವಾಗಿ ಇದ್ದು, ನಾನೇ ಎಲ್ಲೋ ಓದಿ ಮರೆತಿದ್ದೆನೇ?

ಕಾರ್ಡು ಹಿಡಿದು ಪುಟ ಜೋಡಿಸುವವನ ಬಳಿಗೆ ಹೋದಳು. ಕಚೇರಿಗೆಲ್ಲ ಅವನು ಪುಟದಣ್ಣ. ಇಪ್ಪತ್ತು ವರ್ಷದಿಂದ ಅವಳ ಏಳು ಸಾಲನ್ನು ಮೂಲೆಗೆ ಕೂರಿಸುತ್ತಿದ್ದವನು. ಪೂರ್ತಿ ಕೇಳಿ ಅವನು ಕನ್ನಡಕ ಒರೆಸಿಕೊಂಡ.

“ಅಕ್ಕಾ, ಎರಡು ಸಾಕ್ಷಿ ಸಿಕ್ಕಿದೆ. ನಿಮ್ಮ ನಿಯಮದ ಪ್ರಕಾರ ಅವನು ಹುಟ್ಟಿದಾನೆ.”

“ಇಬ್ರೂ ನನ್ನನ್ನೇ ನೋಡಿ ಬರೆದಿದಾರೆ.”

“ಹೆಂಡ್ತಿಯನ್ನ ನೀವು ಕೊಟ್ಟಿರಲಿಲ್ವಲ್ಲ.”

“ಪುಟದಣ್ಣ, ತಮಾಷೆ ಸಾಕು. ಆ ತಾರೀಖೇ ಇಲ್ಲ.”

ಅವನು ದನಿ ತಗ್ಗಿಸಿದ. “ಇದೆ. ಹಳೇ ಕ್ಯಾಲೆಂಡರ್ ಬಿಡದ ದೇಶಗಳಲ್ಲಿ ಆ ವರ್ಷ ಇಪ್ಪತ್ತೊಂಬತ್ತು ಇತ್ತು. ನೀವೇ ಒಂದ್ಸಲ ಹೇಳಿದ್ರಿ. ಅಲ್ಲಿ ಹುಟ್ಟಿದ ಅಂತ ಬರೆದುಬಿಡಿ. ಯಾರು ಕೇಳ್ತಾರೆ?”

ತಾರೀಖಕ್ಕ ಅವನನ್ನು ದಿಟ್ಟಿಸಿದಳು. ಉಪಾಯ ಸರಿಯಾಗಿಯೇ ಇತ್ತು. ಬಲೆಗೆ ತಾನಿಟ್ಟ ಬೀಗದಲ್ಲೂ ಒಂದು ಸಂದು ಉಳಿದಿತ್ತೆಂಬುದು ಅವಳಿಗೆ ಹೊಳೆದಿರಲಿಲ್ಲ. ಇವನಿಗೆ ಇಷ್ಟು ಬೇಗ ಹೇಗೆ ಹೊಳೆಯಿತು ಎಂದೂ ಒಂದು ಕ್ಷಣ ಅನುಮಾನಿಸಿದಳು.

“ಬಾಯಿ ಬಿಟ್ರೆ ಅಂಕಣ ಹೋಗತ್ತೆ ಅಕ್ಕಾ,” ಎಂದ ಅವನು. “ಸಂಪಾದಕರು ಹೊರಗಿನ ಏಜೆನ್ಸಿಯಿಂದ ರೆಡಿಮೇಡ್ ಪಟ್ಟಿ ತರಿಸೋಕೆ ನೆಪ ಹುಡುಕ್ತಿದಾರೆ. ನೀವಾಗೇ ಕೈಗೆ ಕೊಡ್ತೀರಾ?”

ಅದು ಅವಳಿಗೂ ಗೊತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ತಂಗಿಗೂ ಹೇಳಿದಳು. ತಂಗಿ ನಗುತ್ತಾಳೆಂದುಕೊಂಡಿದ್ದಳು, ಅವಳು ನಗಲಿಲ್ಲ.

“ನನ್ನ ಗಂಡು ಮೂರೂವರೆ ವರ್ಷ ಸುಳ್ಳು ಹೇಳಿದ ಅಂತ ಬೇಡ ಅಂದೆ. ನೀನು ಇಡೀ ಒಬ್ಬ ಮನುಷ್ಯನನ್ನೇ ಸುಳ್ಳು ಹೇಳಿದೀಯಲ್ಲೇ.”

ಮರುದಿನ ಬೆಳಿಗ್ಗೆ ಮೊದಲು ಶಾಲೆಗೆ ಫೋನ್ ಮಾಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುಖ್ಯೋಪಾಧ್ಯಾಯಿನಿ ಕೇಳಿದರು, “ಮಕ್ಕಳಿಗೆ ಏನು ಹೇಳ್ಲಿ ಮೇಡಂ? ನಿಮ್ಮ ಹಾಗೇ ಹುಡುಕಿದ್ರು ಅವರು.”

“ಹುಡುಕಿದ್ದು ಸರಿ ಅಂತ ಹೇಳಿ. ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಬೇಕಿತ್ತು. ಅಲ್ಲಿ ನಾನು ಕೂತಿದ್ದೆ.”

ಆಮೇಲೆ ಸಂಪಾದಕರ ಕೋಣೆ. ಬಂದು ಎರಡು ವರ್ಷವಾಗಿದ್ದ ಹೊಸ ಸಂಪಾದಕರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಹಿಂದಿನ ಸಂಪಾದಕರಿಗೆ ಗೊತ್ತಿತ್ತು ಅಂತೀರಿ. ಅವರು ಈಗಿಲ್ಲ.”

“ಇಲ್ಲ ಸಾರ್.”

“ಇಂಥವು ಕಪಾಟಿನಲ್ಲಿ ಎಷ್ಟಿವೆ?”

ತಾರೀಖಕ್ಕ ನಿಂತೇ ಉತ್ತರ ಹೇಳಿದಳು. ಒಂದೇ ಪದ.

ಸಂಪಾದಕರು ಕಾರ್ಡನ್ನು ಮೇಜಿನ ಮೇಲಿಟ್ಟರು. “ಅದಕ್ಕೆ ಎರಡನೇ ಸಾಕ್ಷಿ ಯಾರಮ್ಮಾ?”

ಇಪ್ಪತ್ತೊಂಬತ್ತು ವರ್ಷ ಬೇರೆಯವರನ್ನು ಕೇಳಿದ ಪ್ರಶ್ನೆ ಅದು. ಕೇಳಿದ್ದು ತಪ್ಪೆಂದು ಅವಳಿಗೆ ಅನಿಸಲಿಲ್ಲ. ಅವರ ಜಾಗದಲ್ಲಿ ತಾನಿದ್ದರೂ ನಂಬುತ್ತಿರಲಿಲ್ಲ.

ಇಪ್ಪತ್ತೊಂಬತ್ತರಂದು ಅಂಕಣದ ಜಾಗದಲ್ಲಿ ಮೂರು ಸಾಲಿನ ತಪ್ಪೊಪ್ಪಿಗೆ ಬಂತು, ಅವಳೇ ಬರೆದದ್ದು. ಮಾರ್ಚ್ ಒಂದರಿಂದ ರೆಡಿಮೇಡ್ ಪಟ್ಟಿ. ಅವಳನ್ನು ಓದುಗರ ಪತ್ರಗಳ ಕರಡು ತಿದ್ದಲು ಹಾಕಿದರು. ಕಪಾಟನ್ನು ಗುಜರಿಗೆ ಕಳಿಸುವ ಮಾತೂ ಬಂತು. ಆಗ ಪುಟದಣ್ಣ ಅಡ್ಡ ಬಂದು, ಕಾರ್ಡುಗಳನ್ನೆಲ್ಲ ಒಮ್ಮೆ ಪರೀಕ್ಷಿಸಬೇಕು, ಅಲ್ಲಿಯವರೆಗೆ ಇರಲಿ ಎಂದ. ದಿನವೂ ಊಟದ ಬಿಡುವಿನಲ್ಲಿ ಅವನು ಒಂದೊಂದು ಕಟ್ಟು ತೆಗೆದುಕೊಂಡು ಕೆಳಗಿನ ಗ್ರಂಥಾಲಯಕ್ಕೆ ಹೋಗುತ್ತಿದ್ದ. ಏನು ಸಿಕ್ಕಿತೆಂದು ಹೇಳುತ್ತಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ, ಆದರೆ ಅವನು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಅವಳ ಕೈಯಲ್ಲಿದ್ದ ಕರಡು ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ. ನನ್ನ ಕೈಯೇ ಎಲ್ಲಾದರೂ ಕೈಕೊಟ್ಟಿದ್ದರೆ? ಎಂದೋ ಜ್ವರ ಬಂದ ದಿನ, ಅವಸರದಲ್ಲಿ, ಕೆಂಪು ಗೀಟು ಸುಮ್ಮನೆ ಬಿದ್ದಿದ್ದರೆ? ಹೀಗೆ ಎರಡು ವರ್ಷ, ಏಳು ತಿಂಗಳು ನಡೆಯಿತು.

ನಾಲ್ಕು ವರ್ಷದ ನಂತರ ಮತ್ತೆ ಫೆಬ್ರುವರಿ ಇಪ್ಪತ್ತೊಂಬತ್ತು ಬಂತು. ಅಂದು ಬೆಳಿಗ್ಗೆ ಅವಳು ಕೆಲಸ ಮಾಡುತ್ತಿದ್ದ ಪತ್ರಿಕೆಯ ಮೂರನೇ ಪುಟದಲ್ಲೇ, ರೆಡಿಮೇಡ್ ಪಟ್ಟಿಯ ನಾಲ್ಕನೇ ಸಾಲಿನಲ್ಲಿ, ಪಾಚಿ ವಿಜ್ಞಾನಿ ಹುಟ್ಟಿದ್ದ. ಈ ಸಲ ಅವನಿಗೆ ಮೂರು ಪ್ರಶಸ್ತಿ. ತಾರೀಖಕ್ಕ ಅದನ್ನು ಕತ್ತರಿಸಿಕೊಂಡಳು. ಶಾಲೆಯ ಹಿಂದಿನ ತೋಟದ ಫಲಕದಲ್ಲಿ ಬರೀ ‘ಪಾಚಿ ತೋಟ’ ಎಂದಿರುವುದನ್ನು ಒಮ್ಮೆ ಹೋಗಿ ನೋಡಿ ಬಂದಿದ್ದಳು, ಅದಿಷ್ಟು ಸಮಾಧಾನ. ತುಣುಕನ್ನು ಇಡಲೆಂದು ಕಪಾಟಿನ ಬಳಿ ಹೋಗಿ ಫೆಬ್ರುವರಿಯ ಡ್ರಾಯರನ್ನು ಪೂರ್ತಿ ಹೊರಗೆಳೆದಳು.

ಕೊನೆಯ ರಟ್ಟಿನ ಹಿಂದೆ, ಡ್ರಾಯರಿನ ಹಿಂಬದಿಯ ಹಲಗೆಗೆ, ಪುಟದಣ್ಣ ಒಂದು ಕಾರ್ಡು ಅಂಟಿಸಿದ್ದ. ಅವನು ನಿವೃತ್ತನಾಗಿ ಆಗಲೇ ಐದು ತಿಂಗಳಾಗಿತ್ತು. ಪರೀಕ್ಷಿಸಿದ ಕಾರ್ಡು, ಒಂಬತ್ತು ಸಾವಿರದ ನಾನೂರ ಹನ್ನೆರಡು. ಕಾಗುಣಿತದ ತಪ್ಪು, ಆರು. ಅದರ ಕೆಳಗೆ, ಸುಳ್ಳು ಕಾರ್ಡು. ಆ ಸಾಲಿನ ಮುಂದೆ ಅವಳ ಪರವಾಗಿ ಒಂದು ನೀಲಿ ಗೀಟು, ತನ್ನ ಪರವಾಗಿ ಒಂದು ಕೆಂಪು ಗೀಟು ಎಳೆದಿದ್ದ. ಗೀಟುಗಳ ಪಕ್ಕದಲ್ಲಿ, ಅಂದು ಅವಳು ಸಂಪಾದಕರ ಮೇಜಿನ ಮುಂದೆ ನಿಂತು ಹೇಳಿದ್ದೇ ಇತ್ತು: ಒಂದು.